ಹತ್ತು ತಿಂಗಳ ಅಧ್ಯಾಪಕ

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ತಳುಕು ಎಂಬ ಗ್ರಾಮಕ್ಕೆ ಕನ್ನಡ ಅಧ್ಯಾಪನದ ಚರಿತ್ರೆಯಲ್ಲಿ ಒಂದು ವಿಶಿಷ್ಟ ಸ್ಥಾನವುಂಟು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ಟಿ.ಎಸ್. ವೆಂಕಣ್ಣಯ್ಯನವರು (1885–1939) ಈ ಊರಿನ ಮನೆತನದವರು. ತಾವು ಬರೆದ ಗ್ರಂಥಗಳಿಂದ ಅವರು ಎಷ್ಟು ದೊಡ್ಡವರೋ, ಇತರರಿಂದ ಬರೆಯಿಸಿದ ಗ್ರಂಥಗಳಿಂದ ಅದಕ್ಕಿಂತ ದೊಡ್ಡವರು. ಅವರು ತೀರಿಕೊಂಡು ಹತ್ತು ವರ್ಷಗಳಾದ ಮೇಲೆ, 1949ರಲ್ಲಿ ಹೊರಬಂದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಶಿಷ್ಯರಾದ ಕುವೆಂಪು ಅವರು ಈ ಗುರುವಿಗೇ ಅರ್ಪಿಸಿದರೆಂಬುದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ಸ್ವಂತ ಲೇಖನದ ಮೋಹವನ್ನು ಮಿತವಾಗಿರಿಸಿಕೊಂಡು, ಶಿಷ್ಯನ ಬುದ್ಧಿಯು ಪಕ್ವವಾಗುವವರೆಗೆ ಕಾಯುವ ತಾಳ್ಮೆಯನ್ನೇ ವೃತ್ತಿಧರ್ಮವಾಗಿಸಿಕೊಂಡ ಇಂಥ ಅಧ್ಯಾಪಕನೊಬ್ಬನು ಇಂದು ಅದೇ ಚಳ್ಳಕೆರೆ ತಾಲ್ಲೂಕಿನಲ್ಲಿ ಹುಟ್ಟಿ, ಎಂ.ಎ. ಮುಗಿಸಿ, ಅಧ್ಯಾಪಕರ ಅರ್ಹತೆಯ ಕೆ-ಸೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಚಳ್ಳಕೆರೆಯದೋ ಮೊಳಕಾಲ್ಮುರಿನದೋ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಾಗಿಲಿಗೆ ಬಂದರೆ, ಅವನಿಗೆ ದೊರೆಯುವುದೇನು? ಬಹುಮಟ್ಟಿಗೆ ದೊರೆಯುವುದು ಅತಿಥಿ ಉಪನ್ಯಾಸಕನ ಕೆಲಸ. ಈ ಪದ್ಧತಿಯು ವಿದ್ಯಾವಂತ ನಿರುದ್ಯೋಗಿಗಳ ಸಂಕಟವೆಂದು ಮಾತ್ರ ಪತ್ರಿಕೆಗಳಲ್ಲಿ ಚರ್ಚಿತವಾಗುತ್ತಿದೆ. ಆ ಸಂಕಟವು ನಿಜವಾದುದೇ. ಆದರೆ ಅಧ್ಯಯನ ಅಧ್ಯಾಪನಗಳೆಂಬ ಕಾರ್ಯದ ಸ್ವರೂಪವನ್ನೇ ಈ ಪದ್ಧತಿಯು ಹೇಗೆ ಮಾರ್ಪಡಿಸಿದೆಯೆಂಬುದನ್ನು ಪರಿಶೀಲಿಸಿದವರು ಕಡಮೆ.

ಪದ್ಧತಿಯ ನಡಾವಳಿ ಹೀಗಿದೆ. ಶೈಕ್ಷಣಿಕ ವರ್ಷದ ಆರಂಭದಲ್ಲಿ ಕಾಲೇಜು ಶಿಕ್ಷಣ ಇಲಾಖೆಯು ಖಾಲಿ ಇರುವ ಹುದ್ದೆಗಳ ಪಾಠದ ಗಂಟೆಗಳನ್ನು ಲೆಕ್ಕಹಾಕುತ್ತದೆ. ಅಭ್ಯರ್ಥಿಗಳು ಅಂಕ, ಪಿಎಚ್.ಡಿ., ನೆಟ್, ಸೇವಾನುಭವ ಇತ್ಯಾದಿಗಳನ್ನು ಆನ್‌ಲೈನ್ ಅರ್ಜಿಯಲ್ಲಿ ತುಂಬುತ್ತಾರೆ; ಜ್ಯೇಷ್ಠತಾ ಪಟ್ಟಿಯ ಪ್ರಕಾರ ಕೌನ್ಸೆಲಿಂಗ್ ನಡೆದು, ಇಂಥವರಿಗೆ ಇಂಥ ಕಾಲೇಜೆಂದು ನಿರ್ಣಯವಾಗುತ್ತದೆ. ಪರೀಕ್ಷೆಗಳು ಸಮೀಪಿಸಿ ತರಗತಿಗಳು ಮುಗಿದೊಡನೆ ‘ಬಿಡುಗಡೆ’. ವರ್ಷದಲ್ಲಿ ಹೆಚ್ಚೆಂದರೆ ಹತ್ತು ತಿಂಗಳು ದುಡಿಮೆ, ಉಳಿದ ಕಾಲ ಬರಿಗೈ. ಹತ್ತು ಹದಿನೈದು ವರ್ಷ ಒಂದೇ ಕಾಲೇಜಿನಲ್ಲಿ ಪಾಠ ಹೇಳಿದವರೂ ಪ್ರತಿ ವರ್ಷವೂ ಹೊಸದಾಗಿ ಅರ್ಜಿ ಹಾಕಿ, ಹೊಸಬರಂತೆಯೇ ಕಂಪ್ಯೂಟರಿನ ಪರದೆಯ ಮುಂದೆ ಕಾದು ಕುಳಿತಿರಬೇಕು. ಕರ್ನಾಟಕದ ನಾನ್ನೂರಕ್ಕೂ ಮಿಕ್ಕ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಹೀಗೆ ದುಡಿಯುತ್ತಿದ್ದಾರೆ.

2022ರ ಜನವರಿಯವರೆಗೆ ಇವರ ಮಾಸಿಕ ಗೌರವಧನವು ವಿದ್ಯಾರ್ಹತೆಗೆ ಅನುಸಾರವಾಗಿ 11,000 ಅಥವಾ 13,000 ರೂಪಾಯಿ. ಅದೂ ತಿಂಗಳು ತಿಂಗಳು ಬಾರದೆ, ಅನುದಾನ ಬಿಡುಗಡೆಯಾದಾಗ ನಾಲ್ಕಾರು ತಿಂಗಳದು ಒಟ್ಟಿಗೆ ಬರುವುದು ವಾಡಿಕೆಯಾಗಿತ್ತು. ದೀರ್ಘ ಮುಷ್ಕರವೊಂದರ ಫಲವಾಗಿ ಆ ತಿಂಗಳು ಹೊರಟ ಆದೇಶವು, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು (ಯುಜಿಸಿ) ನಿಗದಿಪಡಿಸಿದ ಅರ್ಹತೆಯುಳ್ಳವರಿಗೆ ಸೇವಾವಧಿಯನ್ನು ನೋಡಿ 30,000 ಅಥವಾ 32,000, ಆ ಅರ್ಹತೆಯಿಲ್ಲದವರಿಗೆ 26,000 ಅಥವಾ 28,000 ರೂಪಾಯಿ ಎಂದು ಗೊತ್ತುಪಡಿಸಿತು. ದುಪ್ಪಟ್ಟಿಗೂ ಮೀರಿದ ಈ ಏರಿಕೆಯು ಶ್ಲಾಘ್ಯವೇ ಸರಿ. ಆದರೆ ಅದೇ ಆದೇಶದಲ್ಲಿ ವಾರಕ್ಕೆ ಎಂಟು ಹತ್ತು ಗಂಟೆಯಿದ್ದ ಕಾರ್ಯಭಾರವು ಹದಿನೈದು ಗಂಟೆಗೆ ಏರಿತು. ಇದ್ದ ಗಂಟೆಗಳನ್ನೇ ಕಡಮೆ ಜನರಿಗೆ ಹಂಚಿದಾಗ, ಉಳಿದವರ ಕೈಗೆ ಹೆಚ್ಚು ಹಣ ಬಂದು, ಹಲವರು ಕೆಲಸವನ್ನೇ ಕಳೆದುಕೊಂಡರು. ಒಬ್ಬನ ತಟ್ಟೆಯ ಅನ್ನವನ್ನು ಇನ್ನೊಬ್ಬನಿಗೆ ಬಡಿಸಿ ಔದಾರ್ಯವೆಂದು ಕರೆದುಕೊಂಡ ಈ ಗಣಿತವನ್ನು ಬರೆದವರು ಯಾರೋ ತಿಳಿಯದು, ಆದರೆ ಆಡಳಿತದ ಕಲೆಯಲ್ಲಿ ಅವರು ನಿಪುಣರೆಂಬುದರಲ್ಲಿ ಸಂಶಯವಿಲ್ಲ.

ಹೋಲಿಕೆಗೆ ಎರಡು ಸಂಖ್ಯೆಗಳನ್ನು ನೋಡಬಹುದು. ಅತಿಥಿ ಅಧ್ಯಾಪಕರಿಗೆ ಒಂದು ಉಪನ್ಯಾಸಕ್ಕೆ 1,500 ರೂಪಾಯಿಯಂತೆ ತಿಂಗಳಿಗೆ 50,000 ರೂಪಾಯಿಗೆ ಮೀರದಂತೆ ಕೊಡಬಹುದೆಂದು ಯುಜಿಸಿಯು 2019ರಲ್ಲಿಯೇ ಸೂಚಿಸಿತ್ತು. ಖಾಯಂ ಸಹಾಯಕ ಪ್ರಾಧ್ಯಾಪಕನ ಆರಂಭದ ಮೂಲವೇತನವು, ಭತ್ಯೆಗಳನ್ನು ಬಿಟ್ಟು, 57,700 ರೂಪಾಯಿ. ಒಂದೇ ಸಿಬ್ಬಂದಿ ಕೊಠಡಿಯಲ್ಲಿ, ಒಂದೇ ಪಠ್ಯವನ್ನು, ಒಂದೇ ತರಗತಿಯ ಎರಡು ವಿಭಾಗಗಳಿಗೆ ಬೋಧಿಸುವ ಇಬ್ಬರ ನಡುವೆ ಇಷ್ಟು ಅಂತರವಿದ್ದರೆ, ಅಲ್ಲಿ ಸಹೋದ್ಯೋಗಿ ಭಾವವು ಹೇಗೆ ಬೆಳೆಯಬೇಕು? ಇಲಾಖೆಯ ಸಭೆಗೆ ಒಬ್ಬನು ಹೋಗುತ್ತಾನೆ, ಇನ್ನೊಬ್ಬನು ಅವನ ತರಗತಿಯನ್ನು ತೆಗೆದುಕೊಳ್ಳುತ್ತಾನೆ. ಕಾಲೇಜಿನ ಗುಣಮಟ್ಟವನ್ನು ಅಳೆಯುವ ನ್ಯಾಕ್ ತಂಡದ ಭೇಟಿಗೆಂದು ರಾತ್ರಿಯೆಲ್ಲ ಕುಳಿತು ಕಡತಗಳನ್ನು ಸಿದ್ಧಪಡಿಸುವ ಕೈಗಳಲ್ಲಿ ಹೆಚ್ಚಿನವು ಆ ಕಡತದ ಅಧ್ಯಾಪಕರ ಪಟ್ಟಿಯಲ್ಲಿ ಹೆಸರಿಲ್ಲದವರವು.

ನಾಡಿನ ಅತ್ಯಂತ ಕಡಮೆ ಮಳೆ ಬೀಳುವ ಪ್ರದೇಶಗಳಲ್ಲೊಂದಾದ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಆರ್ಥಿಕ ಅನಿಶ್ಚಿತತೆಯು ಕಾಲೇಜಿನ ಗೋಡೆಗಳ ಹೊರಗೂ ಹರಡಿಕೊಂಡಿದೆಯೆಂಬುದನ್ನು ಮರೆಯಬಾರದು. ಬೆಂಗಳೂರಿನಲ್ಲಿಯಾದರೆ ಅತಿಥಿ ಉಪನ್ಯಾಸಕನು ಸಂಜೆಯ ಹೊತ್ತು ಖಾಸಗಿ ಕಾಲೇಜಿನಲ್ಲೋ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಕೇಂದ್ರದಲ್ಲೋ ಪಾಠ ಹೇಳಿ ಕೊರತೆಯನ್ನು ತುಂಬಿಕೊಂಡಾನು. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಲ್ಲಾಗಲಿ, ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮುರಿನಲ್ಲಾಗಲಿ ಅಂಥ ಅವಕಾಶಗಳು ವಿರಳ. ಇಲ್ಲಿ ಹಿರಿಯರ ನಾಲ್ಕೆಕರೆ ಮಳೆಯಾಶ್ರಿತ ಹೊಲದಲ್ಲಿ ಶೇಂಗಾ ಬಿತ್ತಬೇಕು, ಇಲ್ಲವೆ ಮನೆಯ ಮಗ್ಗಕ್ಕೆ ಕೂರಬೇಕು. ಶೇಂಗಾವು ಮುಗಿಲನ್ನು ನಂಬಿದೆ, ಮಗ್ಗವು ನೂಲಿನ ಬೆಲೆಯನ್ನು ನಂಬಿದೆ, ಉಪನ್ಯಾಸಕನು ಆ ಎರಡರ ಜೊತೆಗೆ ಇಲಾಖೆಯ ಸುತ್ತೋಲೆಯನ್ನೂ ನಂಬಿದ್ದಾನೆ. ಸಂಬಳದ ಚೀಟಿಯಿಲ್ಲದವನಿಗೆ ಬ್ಯಾಂಕು ಸಾಲ ಕೊಡುವುದಿಲ್ಲ; ಕನ್ಯಾಪಿತೃಗಳೂ ಬ್ಯಾಂಕಿನಷ್ಟೇ ಎಚ್ಚರದವರು.

ಇಷ್ಟಾದರೂ ಈ ಪದ್ಧತಿಯ ಪರವಾಗಿ ಹೇಳಬೇಕಾದ ಒಂದು ಮಾತುಂಟು. ಹುದ್ದೆಗಳು ಖಾಲಿಯಿದ್ದ ಕಾಲದಲ್ಲಿ ಈ ಜನರು ಮುಂದೆ ಬಾರದಿದ್ದರೆ, ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹಟ್ಟಿ ತಾಂಡಾಗಳ ಮಕ್ಕಳಿಗೆ, ಅದರಲ್ಲಿಯೂ ದೂರದ ಊರಿಗೆ ಕಳುಹಿಸಲು ತಂದೆತಾಯಂದಿರು ಒಪ್ಪದ ಹೆಣ್ಣುಮಕ್ಕಳಿಗೆ, ಪದವಿಯೆಂಬುದು ಗಗನಕುಸುಮವಾಗಿಯೇ ಉಳಿಯುತ್ತಿತ್ತು. ಆ ಮಕ್ಕಳ ಊರು, ಕುಲ, ಮಾತಿನ ಧಾಟಿ, ಸುಗ್ಗಿಯ ಕಾಲದಲ್ಲಿ ಅವರು ತರಗತಿಗೆ ಬಾರದಿರುವ ಕಾರಣ, ಇವೆಲ್ಲವನ್ನೂ ವರ್ಗಾವಣೆಯ ದಿನವನ್ನೇ ಎಣಿಸುತ್ತಿರುವ ಖಾಯಂ ಅಧ್ಯಾಪಕನಿಗಿಂತ ನೆಲದವನಾದ ಅತಿಥಿ ಉಪನ್ಯಾಸಕನು ಚೆನ್ನಾಗಿ ಬಲ್ಲನು. ಆದಕಾರಣ ಪದ್ಧತಿಯ ದೋಷವನ್ನು ಅದರೊಳಗೆ ಸಿಲುಕಿರುವ ವ್ಯಕ್ತಿಗಳ ಯೋಗ್ಯತೆಯ ಮೇಲೆ ಹೊರಿಸುವ, ನಗರದ ವಿದ್ವಜ್ಜನರಲ್ಲಿ ಆಗಾಗ ಕೇಳಿಬರುವ, ಮಾತಿಗೆ ನನ್ನ ಸಮ್ಮತಿಯಿಲ್ಲ.

ದೋಷವಿರುವುದು ಕಾಲದ ಅಳತೆಯಲ್ಲಿ. ಹೊಲವನ್ನು ವರ್ಷದ ಗುತ್ತಿಗೆಗೆ ಹಿಡಿದವನು ಈ ವರ್ಷದ ಬೆಳೆಯನ್ನು ತೆಗೆಯುತ್ತಾನೆಯೇ ಹೊರತು ಬದು ಹಾಕಿಸುವುದಿಲ್ಲ, ಹುಣಸೆಯ ಸಸಿ ನೆಡುವುದಿಲ್ಲ. ಅದು ಅವನ ಸೋಮಾರಿತನವಲ್ಲ, ಗುತ್ತಿಗೆಯ ಸ್ವಭಾವ. ವಿದ್ಯೆಯಲ್ಲಿಯೂ ವರ್ಷದೊಳಗೆ ಮುಗಿಯುವ ಕೆಲಸಗಳಿವೆ, ಮುಗಿಯದ ಕೆಲಸಗಳಿವೆ. ಪಠ್ಯವನ್ನು ಮುಗಿಸುವುದು, ಆಂತರಿಕ ಅಂಕಗಳನ್ನು ಪೋರ್ಟಲಿಗೆ ಏರಿಸುವುದು, ಉತ್ತರಪತ್ರಿಕೆಗಳನ್ನು ತಿದ್ದುವುದು ಮೊದಲನೆಯ ಬಗೆಯವು. ಇವನ್ನು ಹತ್ತು ತಿಂಗಳ ಅಧ್ಯಾಪಕನು ಚೆನ್ನಾಗಿಯೇ ನಿರ್ವಹಿಸುತ್ತಾನೆ. ಎರಡನೆಯ ಬಗೆಯದಕ್ಕೆ ಈ ಎರಡು ತಾಲ್ಲೂಕುಗಳೇ ನಾಡಿಗೆ ಮಾದರಿಯಾಗಬಲ್ಲ ನಿದರ್ಶನಗಳನ್ನು ಒದಗಿಸುತ್ತವೆ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಧರ್ಮಲಿಪಿಗಳಿರುವುದನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಕಳುಹಿಸಿದ ಆ ಶಾಸನದಲ್ಲಿ, ತಂದೆತಾಯಂದಿರ ಶುಶ್ರೂಷೆಯನ್ನೂ ಸತ್ಯವಚನವನ್ನೂ ವಿಧಿಸಿದ ಬಳಿಕ, ಶಿಷ್ಯನು ಆಚಾರ್ಯನನ್ನು ಗೌರವಿಸತಕ್ಕದ್ದೆಂಬ ವಿಧಿಯೂ ಇದೆ. (ಆಚಾರ್ಯನನ್ನು ಮಹಾಮಾತ್ರರು ಹೇಗೆ ನಡೆಯಿಸಿಕೊಳ್ಳಬೇಕೆಂಬುದನ್ನು ಚಕ್ರವರ್ತಿಯು ಬರೆಯಿಸಲಿಲ್ಲ.) ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರೂ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆಗಿದ್ದ ಎಂ.ಎಚ್. ಕೃಷ್ಣ ಅವರು 1940ರ ದಶಕದ ಆದಿಯಲ್ಲಿ ಆ ಬಂಡೆಗಳ ಆಸುಪಾಸಿನಲ್ಲಿ ಉತ್ಖನನ ನಡೆಸಿ, ಅಲ್ಲಿಯ ಪ್ರಾಚೀನ ಸಂಸ್ಕೃತಿಗೆ ಪಕ್ಕದ ರೊಪ್ಪ ಗ್ರಾಮದ ಹೆಸರನ್ನಿಟ್ಟರು. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅವರು ಬಂದು ಅಗೆದ ಕಂದಕಗಳು ದಕ್ಷಿಣ ಭಾರತದ ಇತಿಹಾಸಪೂರ್ವ ಕಾಲಗಣನೆಗೆ ಬಹುಕಾಲ ಆಧಾರವಾದವು. ಇಂದು ಆ ಬೆಟ್ಟದ ನೆರಳಿನಲ್ಲಿ ಇತಿಹಾಸವನ್ನು ಬೋಧಿಸುವ ಅತಿಥಿ ಉಪನ್ಯಾಸಕನಿಗೆ ಕೃಷ್ಣ ಅವರ ವಿದ್ವತ್ತೇ ಇದ್ದರೂ, ಕ್ಷೇತ್ರಾಧ್ಯಯನಕ್ಕೆ ರಜೆಯಿಲ್ಲ, ಪ್ರಯಾಣಕ್ಕೆ ಹಣವಿಲ್ಲ, ಸಂಶೋಧನಾ ಯೋಜನೆಗೆ ಅರ್ಜಿ ಹಾಕಲು ಹುದ್ದೆಯಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಬರುವ ವರ್ಷ ತಾನು ಮೊಳಕಾಲ್ಮುರಿನಲ್ಲಿಯೇ ಇರುವೆನೆಂಬ ಭರವಸೆಯಿಲ್ಲ.

ಚಳ್ಳಕೆರೆಯ ಕಡೆಯ ನಿದರ್ಶನವು ಇನ್ನೂ ಹೃದಯಕ್ಕೆ ಹತ್ತಿರವಾದುದು. ಯಲಗಟ್ಟೆ ಗೊಲ್ಲರಹಟ್ಟಿಯ ನಾಡೋಜ ಸಿರಿಯಜ್ಜಿಯು ಅಕ್ಷರವನ್ನರಿಯದೆ ಸಾವಿರಾರು ಪದಗಳನ್ನು ಕಂಠದಲ್ಲಿ ಧರಿಸಿದ್ದಳು. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಆಕೆಯ ಹಾಡುಗಳನ್ನು ಸಂಗ್ರಹಿಸಿದುದರಿಂದ ಕಾಡುಗೊಲ್ಲರ ಆ ಸಂಪತ್ತಿನ ಒಂದು ಭಾಗವು ಕನ್ನಡ ಸಾಹಿತ್ಯಕ್ಕೆ ದಕ್ಕಿತು. ಹಾಡುವವರು ಅಪರಿಚಿತನ ಮುಂದೆ ಬಾಯಿ ಬಿಡುವುದಿಲ್ಲ. ಹಟ್ಟಿಯ ಹಬ್ಬಕ್ಕೆ ಹೋಗಿ, ಸಾವಿಗೆ ಹೋಗಿ, ಸೂತಕ ಮಡಿಗಳ ರೀತಿಯನ್ನರಿತು, ಹಾಡುವವರಿಗೆ ಮನಸ್ಸು ಬಂದ ದಿನ ಅಲ್ಲಿಯೇ ಇರಬೇಕಾದರೆ ಅದಕ್ಕೆ ವರ್ಷಗಳು ಬೇಕು. ಮ್ಯಾಸಬೇಡರ ಗಾದರಿಪಾಲನಾಯಕ, ಕಾಡುಗೊಲ್ಲರ ಜುಂಜಪ್ಪ, ಎತ್ತಪ್ಪ, ಈ ವೀರರ ಕಾವ್ಯಗಳನ್ನು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ತೆರಳುತ್ತಿರುವಾಗ, ಅವರ ಮೊಮ್ಮಕ್ಕಳೇ ಕನ್ನಡ ಎಂ.ಎ. ಮಾಡಿ ಪಕ್ಕದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾರೆಂಬುದು ಹಿಂದಿನ ಯಾವ ಜಾನಪದ ಸಂಗ್ರಾಹಕನಿಗೂ ಒದಗಿರದ ಭಾಗ್ಯ. ಆ ಭಾಗ್ಯವನ್ನು ವಾರಕ್ಕೆ ಹದಿನೈದು ಗಂಟೆಯ ಲೆಕ್ಕದಲ್ಲಿ ವ್ಯಯಮಾಡುತ್ತಿದ್ದೇವೆ. ಇವರಿಗೆ ಪಿಎಚ್.ಡಿ. ಬೇಕು, ಏಕೆಂದರೆ ಕೌನ್ಸೆಲಿಂಗಿನಲ್ಲಿ ಅದಕ್ಕೆ ಅಂಕವಿದೆ. ಪ್ರಬಂಧ ಪ್ರಕಟಿಸಬೇಕು, ಏಕೆಂದರೆ ಪಿಎಚ್.ಡಿ.ಗೆ ಅದು ನೆರವಾಗುತ್ತದೆ. ಹಣ ಕೊಟ್ಟರೆ ವಾರದೊಳಗೆ ಪ್ರಕಟಿಸುವ ಪತ್ರಿಕೆಗಳು ಆ ಅಗತ್ಯವನ್ನು ಪೂರೈಸುತ್ತವೆ. ಹೀಗೆ ಬಡತನದ ಹಣದಿಂದಲೇ ಹುಸಿ ಪಾಂಡಿತ್ಯದ ಒಂದು ವ್ಯಾಪಾರವು ಪೋಷಿತವಾಗುತ್ತಿದೆ.

ಈ ಬಗೆಯ ಅಭದ್ರತೆಯು ನಮ್ಮ ನಾಡಿನ ಆವಿಷ್ಕಾರವಲ್ಲ. 1917ರಲ್ಲಿ ಮ್ಯೂನಿಚ್ ನಗರದಲ್ಲಿ ವಿದ್ಯಾರ್ಥಿಗಳನ್ನುದ್ದೇಶಿಸಿ, ವಿದ್ಯಾವ್ಯವಸಾಯವನ್ನು ಕುರಿತು ಮಾತನಾಡಿದ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್, ಜ್ಞಾನದ ಮಹಿಮೆಯನ್ನು ಹೊಗಳುವುದಕ್ಕೆ ಮುನ್ನ, ಸಂಬಳವಿಲ್ಲದೆ ವಿದ್ಯಾರ್ಥಿಗಳ ಶುಲ್ಕವನ್ನೇ ನಂಬಿ ಬಾಳುವ ಜರ್ಮನಿಯ ಕಿರಿಯ ಅಧ್ಯಾಪಕರ ಸ್ಥಿತಿಯಿಂದ ಆರಂಭಿಸಿದನು; ಕೈಯಲ್ಲಿ ಬೇರೆ ಹಣವಿಲ್ಲದವನಿಗೆ ಆ ಮಾರ್ಗವು ಅಪಾಯಕರವೆಂದೂ, ಏಳಿಗೆಯು ಬಹುಮಟ್ಟಿಗೆ ಅದೃಷ್ಟದ ಆಟವೆಂದೂ ಎಚ್ಚರಿಸಿದನು. ಆ ಕಿರಿಯ ಅಧ್ಯಾಪಕರು ಬಹುಮಟ್ಟಿಗೆ ಅನುಕೂಲಸ್ಥ ಮನೆತನಗಳವರು; ನಮ್ಮವರ ಹಿಂದೆ ಅಂಥ ಬೊಕ್ಕಸವಿಲ್ಲ.

ಇನ್ನು ರಾಜಕೀಯ. ಊರಿನ ಮುಖಂಡರ ಶಿಫಾರಸು, ಜಾತಿಯ ಲೆಕ್ಕ, ಚುನಾವಣೆಯ ಹೊತ್ತಿನ ಆಶ್ವಾಸನೆ, ಇವು ಹಳೆಯ ಕಥೆಗಳು, ಹೆಚ್ಚು ಹೇಳಬೇಕಾಗಿಲ್ಲ. ಹೊಸದಾಗಿ ಕಾಡುತ್ತಿರುವುದು ನೀತಿಯ ಚಂಚಲತೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲಿಯೇ ಮೊದಲು ಜಾರಿಗೆ ತಂದೆವೆಂಬ ಹೆಮ್ಮೆಯೊಡನೆ 2021ರಲ್ಲಿ ರಾಜ್ಯವು ನಾಲ್ಕು ವರ್ಷದ ಪದವಿಯನ್ನು ಆರಂಭಿಸಿತು. 2023ರಲ್ಲಿ ಸರ್ಕಾರ ಬದಲಾಗಿ, ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗವು ನೇಮಕವಾಗಿ, 2024–25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿತು. ಎರಡರ ಗುಣದೋಷಗಳನ್ನು ತೂಗುವುದು ಇಲ್ಲಿ ಅಪ್ರಸ್ತುತ. ಮೂರು ವರ್ಷಗಳಲ್ಲಿ ಎರಡು ಬಾರಿ ಪಠ್ಯಕ್ರಮವು ತಿರುಗಿದಾಗ, ಐಚ್ಛಿಕ ವಿಷಯಗಳ ಗಂಟೆಗಳೂ ಭಾಷಾಬೋಧನೆಯ ಗಂಟೆಗಳೂ ಏರಿಳಿದವು. ಖಾಯಂ ಅಧ್ಯಾಪಕನಿಗೆ ಅದು ಹೊಸ ಟಿಪ್ಪಣಿ ಬರೆಯುವ ಬೇಸರ, ಅತಿಥಿ ಉಪನ್ಯಾಸಕನಿಗೆ ಕೆಲಸವಿರುವುದು ಇಲ್ಲದಿರುವುದರ ಪ್ರಶ್ನೆ. ತನ್ನ ಅನ್ನವು ಅವಲಂಬಿಸಿರುವ ಪಠ್ಯಕ್ರಮವನ್ನು ಕುರಿತು ನಿಷ್ಪಕ್ಷಪಾತವಾದ ಅಭಿಪ್ರಾಯವನ್ನು ಅವನಿಂದ ನಿರೀಕ್ಷಿಸುವುದಾದರೂ ಹೇಗೆ? ವಿಶ್ವವಿದ್ಯಾನಿಲಯಗಳ ಮಟ್ಟದಲ್ಲಿಯೂ ಇದೇ ಚಂಚಲತೆ: ಜಿಲ್ಲೆಗೊಂದೆಂಬಂತೆ, ಸಾಕಷ್ಟು ಹಣವನ್ನಾಗಲಿ ಅಧ್ಯಾಪಕರನ್ನಾಗಲಿ ಕೊಡದೆ ಸ್ಥಾಪಿಸಿದ ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದೆಂದು 2025ರ ಫೆಬ್ರವರಿಯಲ್ಲಿ ಸಂಪುಟದ ಉಪಸಮಿತಿಯು ಶಿಫಾರಸು ಮಾಡಿತು. ಸ್ಥಾಪನೆಯೂ ರಾಜಕೀಯ, ವಿಸರ್ಜನೆಯೂ ರಾಜಕೀಯ.

ಭಯದ ವಿಷಯವು ಇದಕ್ಕಿಂತ ಸೂಕ್ಷ್ಮವಾದುದು. ಸಂಶೋಧಕ ಎಂ.ಎಂ. ಕಲಬುರ್ಗಿಯವರು 1989ರ ಸುಮಾರಿಗೆ ‘ಮಾರ್ಗ’ ಸಂಪುಟದಲ್ಲಿ ಮಂಡಿಸಿದ ಕೆಲವು ಅಭಿಪ್ರಾಯಗಳನ್ನು ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿಯೇ ಅವರು ಗುಂಡಿಗೆ ಬಲಿಯಾದರು. ಮೊದಲ ಪ್ರಸಂಗದ ತರುವಾಯವೂ ಅವರು ಕಾಲು ಶತಮಾನ ಸಂಶೋಧನೆಯನ್ನು ಮುಂದುವರಿಸಿದುದಕ್ಕೆ ಅವರ ಧೈರ್ಯದೊಂದಿಗೆ ಅವರ ಹುದ್ದೆಯ ಭದ್ರತೆಯೂ ಒಂದು ಕಾರಣವೆಂದು ನಾನು ತಿಳಿಯುತ್ತೇನೆ: ಕರ್ನಾಟಕ ವಿಶ್ವವಿದ್ಯಾನಿಲಯದ ಖಾಯಂ ಪ್ರಾಧ್ಯಾಪಕನನ್ನು ಒಂದು ದೂರವಾಣಿ ಕರೆಯಿಂದ ಮನೆಗೆ ಕಳುಹಿಸಲು ಸಾಧ್ಯವಿರಲಿಲ್ಲ. ಮಠದ ಚರಿತ್ರೆಯನ್ನೋ, ಒಂದು ಜಾತಿಯ ಮೂಲವನ್ನೋ, ಕಾವಲು ಭೂಮಿಯ ಹಂಚಿಕೆಯನ್ನೋ ಕುರಿತು ಬರೆಯಹೊರಟ ಅತಿಥಿ ಉಪನ್ಯಾಸಕನನ್ನು ಕಳುಹಿಸಲು ಆ ಕರೆಯೂ ಬೇಡ. ಮುಂದಿನ ವರ್ಷ ಅವನ ಹೆಸರು ಪಟ್ಟಿಯಲ್ಲಿ ಇರದಿದ್ದರೆ ಸಾಕು, ಏಕೆ ಇಲ್ಲವೆಂದು ಯಾರೂ ಉತ್ತರ ಹೇಳಬೇಕಾಗಿಲ್ಲ. ಆದುದರಿಂದ ಅವನು ಸುರಕ್ಷಿತವಾದ ವಿಷಯಗಳನ್ನೇ ಆರಿಸಿಕೊಳ್ಳುತ್ತಾನೆ. ಯಾವ ಪುಸ್ತಕಗಳು ಬರೆಯಲ್ಪಡಲಿಲ್ಲವೆಂಬುದರ ಪಟ್ಟಿಯನ್ನು ಯಾವ ಗ್ರಂಥಾಲಯವೂ ಇಡುವುದಿಲ್ಲವಷ್ಟೆ.

ಕಾವಲು ಭೂಮಿಯ ಮಾತು ಬಂದುದರಿಂದ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಅಮೃತಮಹಲ್ ತಳಿಯ ದನಗಳಿಗೆಂದು ಮೀಸಲಾಗಿದ್ದ ಚಳ್ಳಕೆರೆಯ ಕಾವಲುಗಳಲ್ಲಿ ಸಹಸ್ರಾರು ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಹಂಚಿದಾಗ, ಖುದಾಪುರದ ಬಳಿ ಸುಮಾರು 1,500 ಎಕರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ದೊರೆಯಿತು. ದನಗಾಹಿಗಳ ಹಕ್ಕಿನ ಪ್ರಶ್ನೆಯು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು; ಅದನ್ನು ಇಲ್ಲಿ ಬಿಡುತ್ತೇನೆ. ಆ ಆವರಣದಲ್ಲಿ ಸಂಸ್ಥೆಯು 2011ರಿಂದ ವಿಜ್ಞಾನ ಶಿಕ್ಷಕರಿಗೆ ತರಬೇತಿ ನೀಡುತ್ತಿರುವುದು ಉತ್ತಮವಾದ ಕೆಲಸ. ಆದರೆ ಯಾವ ತರಬೇತಿಯ ಹಿಂದೆಯೂ ಒಂದು ಅನುಕ್ತ ನಂಬಿಕೆಯಿರುತ್ತದೆ: ಇಂದು ಕಲಿತವನು ನಾಳೆ ಅದೇ ಪ್ರಯೋಗಶಾಲೆಯಲ್ಲಿ ಇರುವನೆಂಬುದು. ಒಂದೇ ತಾಲ್ಲೂಕಿನಲ್ಲಿ, ದಶಕಗಳ ಮುಂದಾಲೋಚನೆಯಿಂದ ನಡೆಯುವ ವಿದ್ಯಾಸಂಸ್ಥೆಯೊಂದು. ಮುಂದಿನ ಜೂನ್ ತಿಂಗಳನ್ನು ಕಾಣಲಾರದ ಕಾಲೇಜೊಂದು. ಎರಡರ ನಡುವೆ ಇರುವುದು ಅರ್ಧ ದಿನದ ಪ್ರಯಾಣವೂ ಅಲ್ಲ.

ಹಾಗಾದರೆ ಇವರೆಲ್ಲರನ್ನೂ ಖಾಯಂ ಮಾಡಿಬಿಡಬೇಕೆ? 2023ರ ನವೆಂಬರಿನಲ್ಲಿ ಆರಂಭವಾದ ಮುಷ್ಕರದಲ್ಲಿ, ತುಮಕೂರಿನಿಂದ ಬೆಂಗಳೂರಿಗೆ ನಡೆದ ಪಾದಯಾತ್ರೆಯಲ್ಲಿ, ಅವರು ಕೇಳಿದುದು ಅದನ್ನೇ. ಸಕ್ರಮ ನೇಮಕಾತಿಯಿಲ್ಲದೆ ಒಳಬಂದ ತಾತ್ಕಾಲಿಕ ನೌಕರರು ಖಾಯಮಾತಿಯನ್ನು ಹಕ್ಕಾಗಿ ಕೇಳಲಾರರೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ತೀರ್ಪಿತ್ತುದು ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ; ಸರ್ಕಾರಗಳು ಆ ತೀರ್ಪನ್ನು ಕವಚವಾಗಿ ಧರಿಸಿವೆ. ಅದೇ ನ್ಯಾಯಾಲಯವು 2025ರ ಆಗಸ್ಟಿನಲ್ಲಿ, ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಮೊಕದ್ದಮೆಯಲ್ಲಿ, ಸಮಾರಂಭಗಳಲ್ಲಿ ಗುರುಸ್ತೋತ್ರವನ್ನು ಪಠಿಸಿದರೆ ಸಾಲದು, ಗುರುವಿಗೆ ಕೊಡುವ ಸಂಬಳದಲ್ಲಿಯೂ ಅದು ಕಾಣಬೇಕೆಂಬ ಅರ್ಥದ ಮಾತುಗಳನ್ನಾಡಿ, ಕನಿಷ್ಠ ವೇತನಶ್ರೇಣಿಯನ್ನು ಕೊಡಿಸಿತು. ನನ್ನ ಅಭಿಪ್ರಾಯದಲ್ಲಿ ಸಾರಾಸಗಟಾದ ಖಾಯಮಾತಿಯು, ನೆಟ್ ಮುಗಿಸಿ ಹೊರಗೆ ಕಾದಿರುವ ಕಿರಿಯರಿಗೆ ಬಾಗಿಲನ್ನು ಮುಚ್ಚುವುದರಿಂದ, ಒಂದು ಅನ್ಯಾಯವನ್ನು ಇನ್ನೊಂದರಿಂದ ತಿದ್ದಿದಂತಾಗುತ್ತದೆ. ಸಕ್ರಮ ನೇಮಕಾತಿಯೇ ಸರಿಯಾದ ದಾರಿ. ಆದರೆ ಆ ದಾರಿಯ ವೇಗವೆಷ್ಟು? 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2022ರ ಮಾರ್ಚಿನಲ್ಲಿ ನಡೆದ ಪರೀಕ್ಷೆಯು ಭೂಗೋಳಶಾಸ್ತ್ರದ ಪ್ರಶ್ನೆಗಳ ಸೋರಿಕೆಯ ಆರೋಪದಲ್ಲಿ ಸಿಲುಕಿ, ನೇಮಕವು ವರ್ಷಗಟ್ಟಲೆ ಎಳೆಯಿತು.

2024ರ ಜನವರಿಯಲ್ಲಿ ಸರ್ಕಾರವು ಘೋಷಿಸಿದ ಪರಿಹಾರವನ್ನು ಗಮನವಿಟ್ಟು ಓದಬೇಕು. ಸೇವಾವಧಿಗೆ ಅನುಸಾರವಾಗಿ ಗೌರವಧನದಲ್ಲಿ 5,000ದಿಂದ 8,000 ರೂಪಾಯಿಯವರೆಗೆ ಹೆಚ್ಚಳ, ಐದು ಲಕ್ಷ ರೂಪಾಯಿಯ ಆರೋಗ್ಯ ವಿಮೆ, ಅರವತ್ತು ವರ್ಷ ತುಂಬಿದಾಗ ಐದು ಲಕ್ಷ ರೂಪಾಯಿಯ ಇಡುಗಂಟು. ಹೆಚ್ಚಳವನ್ನೂ ವಿಮೆಯನ್ನೂ ಸ್ವಾಗತಿಸೋಣ. ಇಡುಗಂಟಿನ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕಾಗುತ್ತದೆ. ವರ್ಷವರ್ಷವೂ ಹತ್ತೇ ತಿಂಗಳಿಗೆಂದು ನೇಮಿಸಿ ಬಿಡುಗಡೆಮಾಡುವ ಇಲಾಖೆಯು, ಅದೇ ಮನುಷ್ಯನು ಅರವತ್ತರವರೆಗೂ ತನ್ನಲ್ಲಿಯೇ ದುಡಿಯುವನೆಂಬುದನ್ನು ಇಲ್ಲಿ ತಾನಾಗಿಯೇ ಬರೆದುಕೊಟ್ಟಿದೆ. ಅಷ್ಟು ಬರೆದ ಮೇಲೆ, ಖಾಯಂ ನೇಮಕವಾಗುವವರೆಗೆ ಅರ್ಹರಾದವರಿಗೆ ಐದು ವರ್ಷದ ಕರಾರು, ರಜಾಕಾಲಕ್ಕೂ ವೇತನ, ಕ್ಷೇತ್ರಾಧ್ಯಯನಕ್ಕೆ ವರ್ಷಕ್ಕೊಂದು ತಿಂಗಳು, ಕಾರಣ ಕೊಡದೆ ಪಟ್ಟಿಯಿಂದ ಬಿಡಬಾರದೆಂಬ ಒಂದು ವಾಕ್ಯ, ಇಷ್ಟನ್ನು ಬರೆಯುವುದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ. ಇನ್ನೊಂದು ಆದೇಶ ಸಾಕು.